ಸ್ಯಾಂಟಾಂಡರ್ ಷೇರು ಮತ್ತು ನನ್ನ ನೋಟ್‌ಬುಕ್ಕಿನ ಎರಡನೆಯ ಕಾಲಂ

2025ರ ಜನವರಿಯ ಒಂದು ಸಂಜೆ, ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿರುವ ನನ್ನ ಅಣ್ಣನ ಮಗ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಸ್ಪೇನಿನ ಬ್ಯಾಂಕೋ ಸ್ಯಾಂಟಾಂಡರ್‌ನ ಷೇರು ನಾಲ್ಕೂವರೆ ಯೂರೋ ಆಸುಪಾಸಿನಲ್ಲಿತ್ತು. ಬೆಲೆ–ಗಳಿಕೆ ಅನುಪಾತ (ಷೇರಿನ ಬೆಲೆ ಅದರ ವಾರ್ಷಿಕ ಗಳಿಕೆಯ ಎಷ್ಟು ಪಟ್ಟು ಎಂಬುದು) 6ರ ಹತ್ತಿರವಿತ್ತು, ಡಿವಿಡೆಂಡ್ ನಾಲ್ಕು ಪ್ರತಿಶತಕ್ಕಿಂತ ಹೆಚ್ಚು ಬರುತ್ತಿತ್ತು, ಪುಸ್ತಕ ಮೌಲ್ಯಕ್ಕಿಂತ (ಆಸ್ತಿಯಿಂದ ಬಾಧ್ಯತೆಗಳನ್ನು ಕಳೆದರೆ ಷೇರಿಗೆ ಉಳಿಯುವುದು) ಕಡಿಮೆ ಬೆಲೆಗೆ ಷೇರು ಸಿಗುತ್ತಿತ್ತು. ಚಿತ್ರದ ಕೆಳಗೆ ಅವನ ಪ್ರಶ್ನೆ: "ಅತ್ತೆ, ಇಷ್ಟು ಅಗ್ಗಕ್ಕೆ ಸಿಗ್ತಿದೆಯಲ್ಲ, ತಗೊಳ್ಳಲಾ?"

ಬ್ಯಾಂಕೊಂದರ ಸಾಲ ವಿಭಾಗದಲ್ಲಿಯೂ ತಪಾಸಣೆ ವಿಭಾಗದಲ್ಲಿಯೂ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದವಳು ನಾನು. ಅಗ್ಗ ಎಂಬ ಮಾತು ಕಿವಿಗೆ ಬಿದ್ದರೆ ಕೈ ತಾನಾಗಿಯೇ ಲೆಡ್ಜರ್ ಹುಡುಕುತ್ತದೆ. "ಒಂದು ವಾರ ಸಮಯ ಕೊಡು ಮರಿ" ಎಂದು ಉತ್ತರಿಸಿ, ಆ ಬ್ಯಾಂಕಿನ ಹಳೆಯ ವಾರ್ಷಿಕ ವರದಿಗಳನ್ನು ಇಳಿಸಿಕೊಂಡು, ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದೆ: ಒಟ್ಟು ಲಾಭ, ಷೇರುಗಳ ಸಂಖ್ಯೆ, ಮತ್ತು ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದು. ಆ ವಾರ ನಾನು ಕಲಿತದ್ದರಲ್ಲಿ ಹೆಚ್ಚಿನ ಪಾಲು ನಡುವಿನ ಕಾಲಂನಿಂದ ಬಂತು.

ಬ್ಯಾಂಕಿನ ಪರಿಚಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1857ರಲ್ಲಿ ಸ್ಪೇನಿನ ಉತ್ತರ ಕರಾವಳಿಯ ಸ್ಯಾಂಟಾಂಡರ್ ಎಂಬ ಬಂದರು ಪಟ್ಟಣದಲ್ಲಿ, ಲ್ಯಾಟಿನ್ ಅಮೆರಿಕದೊಂದಿಗಿನ ವ್ಯಾಪಾರಕ್ಕೆ ಹಣ ಒದಗಿಸಲು ಹುಟ್ಟಿದ ಬ್ಯಾಂಕು ಇದು. (ಕರಾವಳಿಯ ಪೇಟೆಗಳಿಂದ ಎದ್ದುಬಂದ ಬ್ಯಾಂಕುಗಳನ್ನು ಕಂಡು ಬೆಳೆದ ನಮಗೆ ಇದು ಅಪರಿಚಿತ ಕಥೆಯೇನಲ್ಲ.) ಈಗ ಆಡಳಿತ ಕೇಂದ್ರ ಮ್ಯಾಡ್ರಿಡ್ ಹೊರವಲಯದ ಬೊಆದಿಯಾ ದೆಲ್ ಮೊಂತೆಯಲ್ಲಿದೆ. ಹದಿನೇಳು ಕೋಟಿಗೂ ಹೆಚ್ಚು ಗ್ರಾಹಕರಿದ್ದಾರೆ. ಗೃಹಸಾಲ, ಕಾರು ಸಾಲ, ಉಳಿತಾಯ ಖಾತೆ, ಸಣ್ಣ ವ್ಯಾಪಾರಿಗಳ ಸಾಲ ಇವೇ ಮುಖ್ಯ ವ್ಯವಹಾರ. 1986ರಿಂದ 2014ರಲ್ಲಿ ತೀರಿಕೊಳ್ಳುವವರೆಗೆ ಎಮಿಲಿಯೊ ಬೊತಿನ್ ಅಧ್ಯಕ್ಷರಾಗಿದ್ದರು, ಅವರ ನಂತರ ಮಗಳು ಆನಾ ಬೊತಿನ್ ಆ ಸ್ಥಾನಕ್ಕೆ ಬಂದರು.

ಬ್ಯಾಂಕಿನ ಷೇರನ್ನು ಸಿಮೆಂಟ್ ಕಂಪನಿಯ ಷೇರಿನಂತೆ ತೂಗಲು ಆಗುವುದಿಲ್ಲ. ಸಿಮೆಂಟ್ ಕಂಪನಿಗೆ ಸಾಲವೆಂದರೆ ಹೊರೆ, ಬ್ಯಾಂಕಿಗೆ ಅದೇ ಕಚ್ಚಾಮಾಲು. 2024ರ ಕೊನೆಗೆ ಸ್ಯಾಂಟಾಂಡರ್‌ನ ಒಟ್ಟು ಆಸ್ತಿ ಸುಮಾರು 1.84 ಲಕ್ಷ ಕೋಟಿ ಯೂರೋ ಇತ್ತು, ಅದರ ಹಿಂದೆ ಇದ್ದ ಬಂಡವಾಳ ನೂರಕ್ಕೆ ಆರಕ್ಕಿಂತ ಕಡಿಮೆ. ಅಂದರೆ ಹಂಚಿದ ಸಾಲ ಮತ್ತು ಹೂಡಿಕೆಗಳಲ್ಲಿ ನೂರಕ್ಕೆ ಮೂರು ಮುಳುಗಿದರೆ ಬಂಡವಾಳದ ಅರ್ಧವೇ ಹೋಗುತ್ತದೆ. ಇನ್ನೊಂದು ತೊಡಕೂ ಇದೆ: ಈ ವರ್ಷದ ಲಾಭ ಎಷ್ಟು ಎಂಬುದು, ಇನ್ನೂ ಕೆಟ್ಟಿರದ ಸಾಲಗಳಲ್ಲಿ ಎಷ್ಟು ಕೆಡಬಹುದೆಂದು ಬ್ಯಾಂಕೇ ಅಂದಾಜಿಸಿ ಪಕ್ಕಕ್ಕಿಡುವ ಹಣವನ್ನು ಅವಲಂಬಿಸಿರುತ್ತದೆ. ಆದ್ದರಿಂದ ಬೆಲೆ–ಗಳಿಕೆ ಅನುಪಾತವನ್ನು ನಾನು ಕೊನೆಗೆ ನೋಡುತ್ತೇನೆ. ಒಳ್ಳೆಯ ಕಾಲದ ತುತ್ತತುದಿಯಲ್ಲಿ ಬ್ಯಾಂಕುಗಳೆಲ್ಲವೂ ಆ ಅಳತೆಯಲ್ಲಿ ಅಗ್ಗವಾಗಿಯೇ ಕಾಣುತ್ತವೆ.

ಇನ್ನು ನೋಟ್‌ಬುಕ್ಕಿಗೆ ಬರುತ್ತೇನೆ. 2007ರಲ್ಲಿ ಸ್ಯಾಂಟಾಂಡರ್ 906 ಕೋಟಿ ಯೂರೋ ಲಾಭ ಗಳಿಸಿತು. ಆಸ್ತಿ ಮಾರಾಟದಿಂದ ಬಂದ ಒಂದಿಷ್ಟು ಹಣವೂ ಅದರಲ್ಲಿ ಸೇರಿದೆ. ಆಗ ಇದ್ದ ಷೇರುಗಳು ಸುಮಾರು 625 ಕೋಟಿ, ಭಾಗಿಸಿದರೆ ಷೇರಿಗೆ 1.45 ಯೂರೋ ಆಸುಪಾಸು. 2024ರಲ್ಲಿ ಲಾಭ 1,257 ಕೋಟಿ ಯೂರೋ, ಅದುವರೆಗಿನ ದಾಖಲೆ. (2024ರ ಪೂರ್ಣ ಅಂಕಿಗಳು ಹೊರಬಿದ್ದದ್ದು ಫೆಬ್ರವರಿಯಲ್ಲಿ, ಇಲ್ಲಿನ ಆ ವರ್ಷದ ಸಾಲುಗಳನ್ನು ಆಮೇಲೆ ತಿದ್ದಿ ಬರೆದಿದ್ದೇನೆ.) ಪತ್ರಿಕೆಗಳ ತಲೆಬರಹವೆಲ್ಲ ಈ ದಾಖಲೆಯ ಸುತ್ತಲೇ ಇತ್ತು. ಆದರೆ ಬ್ಯಾಂಕೇ ಕೊಟ್ಟ ಲೆಕ್ಕದ ಪ್ರಕಾರ ಆ ವರ್ಷದ ಪ್ರತಿ ಷೇರಿನ ಗಳಿಕೆ 77 ಸೆಂಟ್. ಹದಿನೇಳು ವರ್ಷಗಳಲ್ಲಿ ಬ್ಯಾಂಕಿನ ಲಾಭ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಳೆದಿದೆ, ಷೇರುದಾರನ ಪಾಲು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ನೆಂಟರು ಹೆಚ್ಚಾದಂತೆಲ್ಲ ಸಾರಿಗೆ ನೀರು ಸೇರಿಸಿ ಬಡಿಸಿದರೆ ಪಾತ್ರೆ ತುಂಬಿಯೇ ಇರುತ್ತದೆ, ತಟ್ಟೆಗೆ ಬಿದ್ದದ್ದು ಮಾತ್ರ ತೆಳ್ಳಗಾಗಿರುತ್ತದೆ.

ನೀರು ಎಲ್ಲಿಂದ ಬಂತು ಎಂಬುದನ್ನು ವರ್ಷವರ್ಷ ಹಿಡಿದು ನೋಡಿದೆ. 2008ರ ನವೆಂಬರ್‌ನಲ್ಲಿ, ಜಗತ್ತಿನ ಹಣಕಾಸು ವ್ಯವಸ್ಥೆ ಕುಸಿಯುತ್ತಿದ್ದಾಗ, 720 ಕೋಟಿ ಯೂರೋಗಳ ಹಕ್ಕಿನ ಷೇರು ಬಿಡುಗಡೆ, ಅಂದರೆ ಇರುವ ಷೇರುದಾರರಿಗೇ ಮೊದಲು ನೀಡುವ ಹೊಸ ಷೇರುಗಳು. 2015ರ ಜನವರಿಯಲ್ಲಿ, ಆನಾ ಬೊತಿನ್ ಬಂದ ಕೆಲವೇ ತಿಂಗಳಲ್ಲಿ, ಒಂದೇ ರಾತ್ರಿಯಲ್ಲಿ ದೊಡ್ಡ ಹೂಡಿಕೆದಾರರಿಗೆ ಷೇರಿಗೆ 6.18 ಯೂರೋನಂತೆ ಮಾರಿ ಎತ್ತಿದ 750 ಕೋಟಿ. 2017ರ ಜೂನ್‌ನಲ್ಲಿ ಮುಳುಗುತ್ತಿದ್ದ ಬ್ಯಾಂಕೋ ಪಾಪ್ಯುಲರ್ ಅನ್ನು ಕೇವಲ ಒಂದು ಯೂರೋಗೆ ಕೊಂಡರು. ಆದರೆ ಆ ಒಂದು ಯೂರೋದ ಬ್ಯಾಂಕನ್ನು ನಿಲ್ಲಿಸಲು ಷೇರುದಾರರಿಂದ 700 ಕೋಟಿ ಯೂರೋ ಎತ್ತಬೇಕಾಯಿತು.

ಇವೆಲ್ಲ ಬಹಿರಂಗವಾಗಿ ನಡೆದವು, ಯಾರಿಗೂ ಅಚ್ಚರಿಯಿಲ್ಲ. ಸದ್ದಿಲ್ಲದೆ ನಡೆದದ್ದು ಡಿವಿಡೆಂಡ್‌ನ ಕಥೆ, ಮತ್ತು ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಅದೇ. ಬಿಕ್ಕಟ್ಟಿನ ವರ್ಷಗಳಲ್ಲಿ ಬ್ಯಾಂಕು ಷೇರಿಗೆ 60 ಸೆಂಟ್ ಕೊಡುವ ವಾಡಿಕೆಯನ್ನು ಬಿಡಲಿಲ್ಲ. 2012ರ ಸಾಲನ್ನು ನೋಡಿ: ಲಾಭ ಸುಮಾರು 220 ಕೋಟಿ ಯೂರೋ, ಷೇರಿನ ಗಳಿಕೆ 23 ಸೆಂಟ್ ಆಸುಪಾಸು, ಹಂಚಿದ್ದು 60 ಸೆಂಟ್. ಇಪ್ಪತ್ತಮೂರು ಗಳಿಸಿದವನು ಅರವತ್ತು ಕೊಡುವುದು ಹೇಗೆ? 2009ರಲ್ಲಿ ಆರಂಭವಾಗಿದ್ದ ಒಂದು ಏರ್ಪಾಟಿನಲ್ಲಿ ಷೇರುದಾರನು ನಗದಿನ ಬದಲು ಹೊಸ ಷೇರು ತೆಗೆದುಕೊಳ್ಳಬಹುದಿತ್ತು, ಬಹುತೇಕ ಮಂದಿ ಹಾಗೆಯೇ ಮಾಡಿದರು. ಬ್ಯಾಂಕಿನ ಕೈಯಿಂದ ಹಣ ಹೊರಗೆ ಹೋಗಲಿಲ್ಲ, ಅಚ್ಚಾದ ಷೇರುಗಳು ಹೋದವು. ನಗದನ್ನೇ ಆರಿಸಿಕೊಂಡವನ ಪಾಲು ಆ ಮಟ್ಟಿಗೆ ಕರಗಿತು, ಷೇರು ತೆಗೆದುಕೊಂಡವನಿಗೆ ತನ್ನದೇ ರೊಟ್ಟಿಯನ್ನು ಇನ್ನಷ್ಟು ಚೂರು ಮಾಡಿ ಕೊಟ್ಟಂತಾಯಿತು. ಆ ದಿನಗಳಲ್ಲಿ ಹಣಕಾಸು ಪುಟಗಳನ್ನು ನೋಡಿ ಈ ಷೇರು ಕೊಂಡವನಿಗೆ ಡಿವಿಡೆಂಡ್ ಹತ್ತು ಪ್ರತಿಶತದಂತೆ ಕಂಡಿರಬೇಕು. 2015ರ ಜನವರಿಯಲ್ಲಿ ಬಂಡವಾಳ ಎತ್ತಿದ ದಿನವೇ 60 ಸೆಂಟ್ ಅನ್ನು 20ಕ್ಕೆ ಇಳಿಸಿದರು. ಮರುದಿನ ಷೇರು 14 ಪ್ರತಿಶತದಷ್ಟು ಕುಸಿಯಿತು.

2020ರ ಸಾಲು ಇನ್ನೂ ಸ್ವಾರಸ್ಯದ್ದು. ಆ ವರ್ಷ ಬ್ಯಾಂಕು ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ನಷ್ಟ ತೋರಿಸಿತು, 877 ಕೋಟಿ ಯೂರೋ. ಕೋವಿಡ್ ನೆಪವಾಯಿತು, ಆದರೆ ಮುಖ್ಯ ಕಾರಣ ಹಳೆಯ ಖರೀದಿಗಳು. ಒಂದು ಸಂಸ್ಥೆಯನ್ನು ಅದರ ಪುಸ್ತಕ ಮೌಲ್ಯಕ್ಕಿಂತ ಹೆಚ್ಚು ಕೊಟ್ಟು ಕೊಂಡಾಗ, ಆ ಹೆಚ್ಚುವರಿ ಹಣ ಗುಡ್‌ವಿಲ್ ಎಂಬ ಹೆಸರಿನಲ್ಲಿ ಆಸ್ತಿಯ ಪಟ್ಟಿಯಲ್ಲಿ ಕೂರುತ್ತದೆ. ನಿರೀಕ್ಷಿಸಿದ ಲಾಭ ಬರಲಾರದೆಂದು ಒಪ್ಪಿಕೊಂಡ ದಿನ ಅದನ್ನು ಅಳಿಸಬೇಕು. ಹಾಗೆ ಅಳಿಸಿದ ಗುಡ್‌ವಿಲ್ ಸಾವಿರ ಕೋಟಿ ಯೂರೋ ದಾಟಿತ್ತು, ಅದರಲ್ಲಿ ಸುಮಾರು 610 ಕೋಟಿ ಬ್ರಿಟನ್ನಿನ ಪಾಲು. ಬ್ರಿಟನ್ನಿನಲ್ಲಿ ಈ ಬ್ಯಾಂಕಿನ ಬುನಾದಿ 2004ರಲ್ಲಿ ಕೊಂಡ ಅಬ್ಬೆ ನ್ಯಾಷನಲ್ ಎಂಬ ಬ್ಯಾಂಕು, ಅದನ್ನು ಕೊಂಡದ್ದು ಹೊಸ ಷೇರುಗಳನ್ನು ಕೊಟ್ಟು. ಅಂದರೆ ಖರೀದಿಗೆ ಅಚ್ಚಾದ ಷೇರುಗಳು ಇಂದಿಗೂ ನಡುವಿನ ಕಾಲಂನಲ್ಲಿ ಉಳಿದಿವೆ, ಅವುಗಳಿಗೆ ಪ್ರತಿಯಾಗಿ ಬಂದ ಮೌಲ್ಯದ ಒಂದು ದೊಡ್ಡ ತುಂಡು ಪುಸ್ತಕದಿಂದ ಕಾಣೆಯಾಗಿದೆ. ಬ್ಯಾಂಕುಗಳನ್ನು ಅಳೆಯುವಾಗ ಗುಡ್‌ವಿಲ್ ಕಳೆದು ಉಳಿದ ಗಟ್ಟಿ ಪುಸ್ತಕ ಮೌಲ್ಯವನ್ನೇ ನೋಡಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಈ ಪುಟಗಳ ಚಿತ್ರ ತೆಗೆದು ಹುಡುಗನಿಗೆ ಕಳಿಸಿದೆ. "ಹಾಗಾದರೆ ಬೇಡ ಅಂತೀರಾ?" ಎಂದು ಕೇಳಿದ. ಹಾಗೆ ಹೇಳಲು ಆಗಲಿಲ್ಲ, ಏಕೆಂದರೆ 2020ರ ನಂತರದ ಸಾಲುಗಳು ಬೇರೆಯೇ ದಿಕ್ಕಿಗೆ ತಿರುಗಿದ್ದವು. 2020ರ ಕೊನೆಗೆ ಸುಮಾರು 1,734 ಕೋಟಿಗೆ ಏರಿದ್ದ ಷೇರುಗಳ ಸಂಖ್ಯೆ 2024ರ ಕೊನೆಗೆ 1,515 ಕೋಟಿಗೆ ಇಳಿದಿತ್ತು. ಲಾಭದ ಅರ್ಧವನ್ನು ಷೇರುದಾರರಿಗೆ ಕೊಡುವುದು, ಅದರಲ್ಲಿ ಅರ್ಧ ನಗದು ಡಿವಿಡೆಂಡ್, ಇನ್ನರ್ಧ ಷೇರು ಮರುಖರೀದಿ (ಬ್ಯಾಂಕು ತನ್ನದೇ ಷೇರು ಕೊಂಡು ರದ್ದುಮಾಡುವುದು) ಎಂಬುದು ಹೊಸ ನೀತಿ. ಹತ್ತು ವರ್ಷ ಸಾರಿಗೆ ನೀರು ಸುರಿದ ಅಡುಗೆಮನೆಯಲ್ಲಿ ಒಲೆ ಹೊತ್ತಿಸಿ ಕುದಿಸಲು ಶುರುಮಾಡಿದ್ದರು.

ಮರುಖರೀದಿಯ ಗುಣ ಅದು ನಡೆಯುವ ಬೆಲೆಯಲ್ಲಿದೆ, ಇದನ್ನು ಸಣ್ಣ ಲೆಕ್ಕದಲ್ಲಿ ಅವನಿಗೆ ತೋರಿಸಿದೆ. ತಲಾ 100 ಯೂರೋ ಪುಸ್ತಕ ಮೌಲ್ಯದ 100 ಷೇರುಗಳಿವೆ ಎಂದುಕೊಳ್ಳೋಣ, ಒಟ್ಟು 10,000. ಹತ್ತು ಷೇರುಗಳನ್ನು 85ರಂತೆ ಕೊಂಡು ರದ್ದುಮಾಡಿದರೆ 850 ಖರ್ಚಾಗಿ 9,150 ಉಳಿಯುತ್ತದೆ, ಅದನ್ನು 90 ಷೇರಿಗೆ ಹಂಚಿದರೆ ತಲಾ 101.67. ಉಳಿದವರು ಏನೂ ಮಾಡದೆ ಶ್ರೀಮಂತರಾದರು. ಅದೇ ಹತ್ತನ್ನು 160ರಂತೆ ಕೊಂಡರೆ ಉಳಿಯುವುದು 8,400, ತಲಾ 93.33. ಷೇರಿನ ಗಳಿಕೆ ಆಗಲೂ ಹೆಚ್ಚಬಹುದು, ಆದರೆ ಪುಸ್ತಕ ಮೌಲ್ಯ ಸವೆಯುತ್ತದೆ. 2024ರ ಕೊನೆಗೆ ಸ್ಯಾಂಟಾಂಡರ್‌ನ ಗಟ್ಟಿ ಪುಸ್ತಕ ಮೌಲ್ಯ ಷೇರಿಗೆ 5.24 ಯೂರೋ, ಮಾರುಕಟ್ಟೆ ಬೆಲೆ ಅದರ 85 ಪ್ರತಿಶತದಷ್ಟು. ಆ ಹೊತ್ತಿಗೆ ಮರುಖರೀದಿಯ ಪ್ರತಿ ಯೂರೋವೂ ಉಳಿದ ಷೇರುದಾರರಿಗೆ ಲಾಭದ್ದೇ ಆಗಿತ್ತು.

ಮುಂದಿನ ಪ್ರಶ್ನೆ, ಗಳಿಕೆ ನಿಲ್ಲುವಂಥದ್ದೇ? 2024ರಲ್ಲಿ ಗಟ್ಟಿ ಬಂಡವಾಳದ ಮೇಲಿನ ಪ್ರತಿಫಲ 16.3 ಪ್ರತಿಶತ. ಈ ಸಂಖ್ಯೆಯ ಹಿಂದೆ ಬಡ್ಡಿದರದ ಕೈವಾಡ ದೊಡ್ಡದು. ಯುರೋಪಿನ ಕೇಂದ್ರ ಬ್ಯಾಂಕು 2014ರಿಂದ 2022ರ ಜುಲೈವರೆಗೆ ಠೇವಣಿ ದರವನ್ನು ಸೊನ್ನೆಗಿಂತ ಕೆಳಗೆ ಇಟ್ಟಿತ್ತು, ಬ್ಯಾಂಕುಗಳು ತಮ್ಮ ಹಣವನ್ನು ಅಲ್ಲಿಡಲು ತಾವೇ ಬಡ್ಡಿ ತೆರಬೇಕಿತ್ತು. ಆಮೇಲೆ ಹದಿನಾಲ್ಕು ತಿಂಗಳಲ್ಲಿ ಅದು 4 ಪ್ರತಿಶತಕ್ಕೆ ಏರಿತು. ಸ್ಪೇನಿನ ಹಳೆಯ ಗೃಹಸಾಲಗಳಲ್ಲಿ ಹೆಚ್ಚಿನವು ಯೂರಿಬಾರ್ ದರಕ್ಕೆ (ಯುರೋಪಿನ ಬ್ಯಾಂಕುಗಳು ತಮ್ಮತಮ್ಮಲ್ಲಿ ಸಾಲ ಕೊಡುವ ದರ) ಕಟ್ಟಿದ ಬದಲಾಗುವ ಬಡ್ಡಿಯವು, ಸಾಮಾನ್ಯವಾಗಿ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಪರಿಷ್ಕರಣೆಯಾಗುವಂಥವು. 2021ರ ಕೊನೆಗೆ ಮೈನಸ್ ಅರ್ಧ ಪ್ರತಿಶತವಿದ್ದ ಒಂದು ವರ್ಷದ ಯೂರಿಬಾರ್ 2023ರ ಅಕ್ಟೋಬರ್‌ನಲ್ಲಿ 4 ಪ್ರತಿಶತ ದಾಟಿತ್ತು. ಸಾಲಗಾರನ ಕಂತು ಏರಿತು, ಉಳಿತಾಯ ಖಾತೆಯವನಿಗೆ ಕೊಡುವ ಬಡ್ಡಿ ಆಮೆಯಂತೆ ತೆವಳಿತು, ನಡುವಿನ ಅಂತರ ಬ್ಯಾಂಕಿನ ಜೇಬಿಗೆ ಬಂತು. ಆಡಳಿತದ ಜಾಣ್ಮೆ ಇದರಲ್ಲಿ ಎಷ್ಟು, ಗಾಳಿ ಬಂದಾಗ ತೂರಿಕೊಂಡದ್ದು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. 2025ರ ಜೂನ್ ಹೊತ್ತಿಗೆ ಠೇವಣಿ ದರ 2ಕ್ಕೆ ಇಳಿದಿತ್ತು. ಈ ಗಾಳಿ ಕಂಡ ಸರ್ಕಾರವೂ ಸುಮ್ಮನಿರಲಿಲ್ಲ: ಸ್ಪೇನ್ 2023ರಿಂದ ಬ್ಯಾಂಕುಗಳ ಬಡ್ಡಿ ಮತ್ತು ಶುಲ್ಕದ ಆದಾಯದ ಮೇಲೆ 4.8 ಪ್ರತಿಶತ ವಿಶೇಷ ತೆರಿಗೆ ಹಾಕಿತು, ತಾತ್ಕಾಲಿಕ ಎಂದು ಹೇಳಿದ ಅದು ಬೇರೊಂದು ರೂಪದಲ್ಲಿ ಮುಂದುವರಿಯಿತು.

ಈ ಬ್ಯಾಂಕನ್ನು ಯುರೋಪಿನದೆಂದು ಕರೆಯುವುದೂ ಅರ್ಧ ಸತ್ಯವೇ. 2024ರ ಲಾಭದಲ್ಲಿ ಸ್ಪೇನ್ ಸುಮಾರು 376 ಕೋಟಿ ಯೂರೋ ತಂದರೆ, ಬ್ರೆಜಿಲ್ 242 ಕೋಟಿ, ಮೆಕ್ಸಿಕೋ 167 ಕೋಟಿ, ಬ್ರಿಟನ್ 131 ಕೋಟಿ. ಬ್ರಿಟನ್ನಿನಲ್ಲಿ ಸಾಲ ಎಂದರೆ ಬಹುಪಾಲು ಗೃಹಸಾಲ. ಮನೆ ಅಡವಿರುವುದರಿಂದ ವರ್ಷಕ್ಕೆ ಕೆಡುವ ಸಾಲಕ್ಕೆಂದು ತೆಗೆದಿಡುವ ಹಣ ನೂರಕ್ಕೆ ಹತ್ತು ಪೈಸೆಯನ್ನೂ ಮುಟ್ಟುವುದಿಲ್ಲ. ಬ್ರೆಜಿಲ್‌ನಲ್ಲಿ ಅದೇ ನೂರಕ್ಕೆ ನಾಲ್ಕೂವರೆ ಆಸುಪಾಸು. ಅಲ್ಲಿ ಬಡ್ಡಿಯೂ ಹಾಗೆಯೇ ದುಬಾರಿ, ಹಾಗಾಗಿ ಲಾಭ ಉಳಿಯುತ್ತದೆ, ಆದರೆ ಅದು ಅಲ್ಲಿನ ಕರೆನ್ಸಿಯಾದ ರಿಯಾಲ್ ಎಂಬ ಜಾರುವ ನೆಲದ ಮೇಲೆ ನಿಂತಿದೆ. 2024ರ ಒಂದೇ ವರ್ಷದಲ್ಲಿ ಯೂರೋ ಎದುರು ರಿಯಾಲ್ ತನ್ನ ಬೆಲೆಯ ಆರನೇ ಒಂದು ಭಾಗವನ್ನು ಕಳೆದುಕೊಂಡಿತು. ಸಮಾಧಾನದ ಸಂಗತಿಯೆಂದರೆ ಪ್ರತಿ ದೇಶದ ಅಂಗಸಂಸ್ಥೆಗೂ ಅದರದೇ ಬಂಡವಾಳ, ಅದರದೇ ಠೇವಣಿ ಇದೆ. ಒಂದು ಮನೆಗೆ ಬೆಂಕಿ ಬಿದ್ದರೆ ಓಣಿಯೆಲ್ಲ ಉರಿಯದಂತೆ ನಡುವೆ ಗೋಡೆ ಕಟ್ಟಿದ ವ್ಯವಸ್ಥೆ ಅದು. ಬ್ರಿಟನ್ ಸುರಕ್ಷಿತ ಎಂದು ನಿಶ್ಚಿಂತೆಯಿಂದ ಇರಲೂ ಆಗದು. ಕಾರು ಸಾಲ ಮಾಡಿಸಿಕೊಟ್ಟ ಮಾರಾಟಗಾರರಿಗೆ ಸಾಲಗಾರರ ಅರಿವಿಗೆ ಬಾರದಂತೆ ಕಮಿಷನ್ ಸಂದ ಬಗ್ಗೆ 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪಿನ ನಂತರ, ಸ್ಯಾಂಟಾಂಡರ್ ಯುಕೆ 29.5 ಕೋಟಿ ಪೌಂಡ್ ತೆಗೆದಿಡಬೇಕಾಯಿತು. ಮರುವರ್ಷ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿನ ಬಹುಭಾಗವನ್ನು ತಿರುವಿಹಾಕಿತು.

ಇಷ್ಟನ್ನೂ ಒಂದು ಬೆಲೆಗೆ ಇಳಿಸುವುದು ಹೇಗೆ? ನಾನು ಬಳಸುವ ಸೂತ್ರ ಹಳೆಯದು, ಸರಳವಾದದ್ದು. ಬಂಡವಾಳದ ಮೇಲಿನ ಪ್ರತಿಫಲದಿಂದ ದೀರ್ಘಕಾಲದ ಬೆಳವಣಿಗೆಯನ್ನು ಕಳೆಯಬೇಕು. ಈ ಅಪಾಯಕ್ಕೆ ನಾನು ಬಯಸುವ ಪ್ರತಿಫಲದಿಂದಲೂ ಅದೇ ಬೆಳವಣಿಗೆಯನ್ನು ಕಳೆಯಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ, ಪುಸ್ತಕ ಮೌಲ್ಯದ ಎಷ್ಟು ಪಟ್ಟು ಕೊಡಬಹುದೆಂದು ತಿಳಿಯುತ್ತದೆ. ಬ್ರೆಜಿಲ್ ಒಳಗೊಂಡ ಬ್ಯಾಂಕಿಗೆ ನಾನು 11 ಪ್ರತಿಶತ ಕೇಳುತ್ತೇನೆ, ಬೆಳವಣಿಗೆ 3 ಎಂದಿಡುತ್ತೇನೆ. ಪ್ರತಿಫಲ 16 ಆಗಿಯೇ ಉಳಿದರೆ 13ನ್ನು 8ರಿಂದ ಭಾಗಿಸಿ ಸುಮಾರು 1.6 ಪಟ್ಟು. 12ಕ್ಕೆ ಇಳಿದರೆ 1.1 ಪಟ್ಟು. 7ಕ್ಕೆ ಕುಸಿದರೆ ಅರ್ಧ. ಇದೇ ಲೆಕ್ಕವನ್ನು ತಿರುವಿ ಹಾಕಿದರೆ, 0.85 ಪಟ್ಟು ಬೆಲೆ ಕೊಡುತ್ತಿದ್ದ ಮಾರುಕಟ್ಟೆಯು ಆ ಜನವರಿಯಲ್ಲಿ ಸ್ಯಾಂಟಾಂಡರ್ ಮುಂದೆ ಹತ್ತು ಪ್ರತಿಶತವನ್ನೂ ಗಳಿಸಲಾರದು ಎಂದು ನಂಬಿತ್ತು. ಹದಿನಾರು ಗಳಿಸುತ್ತಿದ್ದವನ ಬಗ್ಗೆ ಇದು ಸ್ವಲ್ಪ ಅತಿಯಾದ ಅನುಮಾನ ಎಂದು ನನಗೂ ಅನಿಸಿತು. ಆದರೂ ಹಳೆಯ ಕಾಲಂಗಳ ಕಹಿ ನಾಲಿಗೆಯಲ್ಲೇ ಇತ್ತು. "ಇಟ್ಟುಕೊಂಡ ಹಣದಲ್ಲಿ ಅರ್ಧಕ್ಕೆ ಮಾತ್ರ ತಗೋ, ಇನ್ನರ್ಧಕ್ಕೆ ಕಾಯಿ" ಎಂದು ಬರೆದೆ.

ಅವನು ಮಾತು ಕೇಳಿದ, ಅದೇ ಫಜೀತಿಯಾಯಿತು. 2025ರಲ್ಲಿ ಷೇರಿನ ಬೆಲೆ ದುಪ್ಪಟ್ಟಾಯಿತು. ಆ ಫೆಬ್ರವರಿಯಲ್ಲಿ ಬ್ಯಾಂಕು ಎರಡು ವರ್ಷಗಳ ಗಳಿಕೆ ಮತ್ತು ಹೆಚ್ಚುವರಿ ಬಂಡವಾಳದಿಂದ ಸಾವಿರ ಕೋಟಿ ಯೂರೋಗಳ ಮರುಖರೀದಿಯ ಗುರಿ ಪ್ರಕಟಿಸಿತು. ಮೇ ತಿಂಗಳಲ್ಲಿ ಪೋಲೆಂಡಿನ ಅಂಗಸಂಸ್ಥೆಯ 49 ಪ್ರತಿಶತವನ್ನು ಆಸ್ಟ್ರಿಯಾದ ಅರ್ಸ್ಟೆ ಬ್ಯಾಂಕಿಗೆ ಸುಮಾರು 680 ಕೋಟಿ ಯೂರೋಗೆ, ಅಂದರೆ ಗಟ್ಟಿ ಪುಸ್ತಕ ಮೌಲ್ಯದ 2.2 ಪಟ್ಟು ಬೆಲೆಗೆ, ಮಾರಲು ಒಪ್ಪಿತು. ಕೊಳ್ಳುವುದರಲ್ಲೇ ಹೆಸರುವಾಸಿಯಾದ ಬ್ಯಾಂಕು ಒಳ್ಳೆಯ ಬೆಲೆಗೆ ಮಾರಿದ್ದನ್ನು ಕಂಡು ನಾನು ಅದಕ್ಕೆ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದೆ. ಗೆರೆ ಒಣಗುವಷ್ಟರಲ್ಲಿ, ಜುಲೈನಲ್ಲಿ, ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕನ್ನು 265 ಕೋಟಿ ಪೌಂಡ್‌ಗೆ ಕೊಳ್ಳುವ ಘೋಷಣೆ ಬಂತು! ಈ ಬಾರಿ ನಗದು ಕೊಟ್ಟು ಕೊಂಡರು, ಷೇರು ಅಚ್ಚುಮಾಡಲಿಲ್ಲ ಎಂಬುದನ್ನು ಅಂಚಿನಲ್ಲಿ ಬರೆದುಕೊಂಡಿದ್ದೇನೆ.

ತೆರಿಗೆಯ ಮಾತನ್ನು ಬೇಗ ಮುಗಿಸುತ್ತೇನೆ. ಸ್ಪೇನ್ ಡಿವಿಡೆಂಡ್‌ನಲ್ಲಿ 19 ಪ್ರತಿಶತವನ್ನು ಮೂಲದಲ್ಲೇ ಮುರಿದುಕೊಳ್ಳುತ್ತದೆ. ಭಾರತದಲ್ಲಿ ತೆರಿಗೆ ಕಟ್ಟುವವರಿಗೆ ಭಾರತ–ಸ್ಪೇನ್ ತೆರಿಗೆ ಒಪ್ಪಂದದ ಮಿತಿ 15, ನಡುವಿನ ನಾಲ್ಕನ್ನು ಅರ್ಜಿ ಹಾಕಿ ಕೇಳಬೇಕು. ಅಲ್ಲಿನ ದೊಡ್ಡ ಕಂಪನಿಗಳ ಷೇರು ಕೊಳ್ಳುವಾಗ 0.2 ಪ್ರತಿಶತ ವಹಿವಾಟು ತೆರಿಗೆಯೂ ಇದೆ. ಬೆಂಗಳೂರಿನಲ್ಲಿ ಕೂತು ನ್ಯೂಯಾರ್ಕ್‌ನಲ್ಲಿ ನೋಂದಾಯಿತವಾದ ಇದೇ ಷೇರಿನ ಎಡಿಆರ್ (ವಿದೇಶಿ ಷೇರಿಗೆ ಪ್ರತಿಯಾಗಿ ಅಮೆರಿಕದಲ್ಲಿ ವಹಿವಾಟಾಗುವ ಪತ್ರ) ಕೊಳ್ಳುವವರು, ವರ್ಷಕ್ಕೆ 2.5 ಲಕ್ಷ ಡಾಲರ್‌ಗಳ ಎಲ್‌ಆರ್‌ಎಸ್ ಮಿತಿಯನ್ನೂ (ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಹಾಕಿದ ಮಿತಿ), ಆದಾಯ ತೆರಿಗೆ ವಿವರಪಟ್ಟಿಯಲ್ಲಿ ವಿದೇಶಿ ಆಸ್ತಿಯ ಷೆಡ್ಯೂಲ್ ತುಂಬುವುದನ್ನೂ ಮರೆಯಬಾರದು. ಷೆಡ್ಯೂಲ್‌ಗೆ ಬೇಕಾದದ್ದು ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕ. ಆರ್ಥಿಕ ವರ್ಷ ಎಂದುಕೊಂಡು ತಪ್ಪು ತುಂಬಿದವರನ್ನು ನಾನು ಕಂಡಿದ್ದೇನೆ.

ಮೊನ್ನೆ ಹುಡುಗ ಮತ್ತೆ ಫೋನ್ ಮಾಡಿದ್ದ. ಉಳಿದ ಅರ್ಧವನ್ನು ಈಗ ಹಾಕಲೇ ಎಂಬುದು ಪ್ರಶ್ನೆ. ಬೆಲೆಯನ್ನು 9 ಯೂರೋ ಎಂದು, ಪುಸ್ತಕ ಮೌಲ್ಯವನ್ನು ಐದೂವರೆ ಎಂದು ಇಟ್ಟುಕೊಂಡರೂ ಅದು 1.6 ಪಟ್ಟು. ಹದಿನಾರು ಪ್ರತಿಶತದ ಗಳಿಕೆ ಎಂದೆಂದಿಗೂ ನಿಲ್ಲುತ್ತದೆ ಎಂದು ನಂಬಿದರೆ ಮಾತ್ರ ಸರಿಹೋಗುವ ಬೆಲೆ ಅದು. ಅಂದು ಮಾರುಕಟ್ಟೆ ಹತ್ತನ್ನೂ ನಂಬಿರಲಿಲ್ಲ, ಇಂದು ಹದಿನಾರನ್ನು ನಂಬಿದೆ, ನಡುವೆ ಬ್ಯಾಂಕು ಅಷ್ಟೇನೂ ಬದಲಾಗಿಲ್ಲ. ಪುಸ್ತಕ ಮೌಲ್ಯಕ್ಕಿಂತ ಮೇಲಿನ ಬೆಲೆಗೆ ನಡೆಯುವ ಮರುಖರೀದಿ ಮೊದಲಿನ ಫಲ ಕೊಡುವುದಿಲ್ಲ ಎಂಬ ಲೆಕ್ಕವನ್ನೂ ಅವನಿಗೆ ನೆನಪಿಸಿದೆ.

"ಹಾಗಾದರೆ ಇರೋದನ್ನ ಮಾರಿಬಿಡಲಾ ಅತ್ತೆ?"

"ಇಟ್ಟುಕೋ. ಇನ್ನರ್ಧ ಬೇಡ. ಅವರು ಮತ್ತೆ ಷೇರು ಅಚ್ಚುಹಾಕಿ ಏನನ್ನಾದರೂ ಕೊಳ್ಳುತ್ತೇವೆ ಎಂದ ದಿನ ನನಗೆ ಫೋನ್ ಮಾಡು."

"ನೀವು ನೋಡೋದು ಅದೊಂದೇ ಕಾಲಂ ಅಲ್ವಾ?" ಎಂದು ನಕ್ಕ. ಹೌದೆಂದೆ. ಮುಂದಿನ ತ್ರೈಮಾಸಿಕದ ಸಾಲನ್ನು ಈಗಾಗಲೇ ಎಳೆದಿಟ್ಟಿದ್ದೇನೆ, ಅಂಕಿ ಬರುವುದು ಬಾಕಿ.